ನೆರಳಿನ ಲೆಕ್ಕದಲ್ಲಿ ಹೋದ ಒಂದು ಅಂಕ

ಪ್ರೀತಿಯ ರಾಜಮತಿ ಟೀಚರಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ಮೂಡುಬಿದಿರೆಯಲ್ಲಿ ನಿಮ್ಮ ಹತ್ತಿರ ಹತ್ತನೆಯ ತರಗತಿಯ ಗಣಿತ ಕಲಿತ ರಶೀನಾ ನಾನು. ಈಗ ಕಕ್ಕಿಂಜೆಯಿಂದ ಒಳಗೆ ಒಂದು ಗುಡ್ಡೆಯ ಬುಡದಲ್ಲಿ ಅಂಗನವಾಡಿ ಟೀಚರ್. ನೆರಳಿನಿಂದ ಮರದ ಎತ್ತರ ಕಂಡುಹಿಡಿಯುವ ಲೆಕ್ಕದಲ್ಲಿ ನೀವು ನನಗೆ ಹತ್ತರಲ್ಲಿ ಒಂದು ಅಂಕ ಕಡಿದಿದ್ದಿರಿ. ‘ನೆಲ ಸಮತಟ್ಟು ಅಂತ ನೀನು ಬರೆದೇ ಇಲ್ಲ’ ಎಂದಿದ್ದಿರಿ. ಉತ್ತರ ಸರಿಯಿತ್ತಲ್ಲ! ಹದಿನೆಂಟು ವರ್ಷ ನಿಮ್ಮ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ.

ನಿನ್ನೆ ಬೆಳಿಗ್ಗೆ ಅಂಗಳದಾಚೆಯ ಸತ್ತ ಹೆಬ್ಬಲಸಿನ ಮರ ಕಡಿಯಲು ತುಕ್ರಪ್ಪ ಬಂದ. ಮೊದಲು ಮರ ಹತ್ತಿ ಗೆಲ್ಲು-ಕೊಂಬೆ ಇಳಿಸಿ, ಆಮೇಲೆ ಬುಡ ಕೊಯ್ಯುವುದು ಇಲ್ಲಿನ ಕ್ರಮ. ‘ಇದಕ್ಕೆ ಹತ್ತಿದರೆ ನಾನೂ ಮರವೂ ಒಟ್ಟಿಗೇ ಕೆಳಗೆ. ಬುಡದಿಂದಲೇ ಕೊಯ್ಯುವ. ಆಚೆ ಗುಡ್ಡೆ, ಅಂಗಳದ ಕಡೆಗೇ ಬೀಳಿಸಬೇಕು. ಕಟ್ಟಡಕ್ಕೆ ತಾಗ್ತದಾ, ಒಂದು ಲೆಕ್ಕ ಹಾಕಿ ಟೀಚರೇ’ ಎಂದ. ನನಗೆ ಹೆಮ್ಮೆಯೋ ಹೆಮ್ಮೆ! ಅಂಗಳದಲ್ಲಿ ಕೋಲು ನಿಲ್ಲಿಸಿದೆ. ಕೋಲು ಮೂರಡಿ, ನೆರಳೂ ಮೂರಡಿ. ಗುಡ್ಡೆಯ ಏರಿನ ಮೇಲೆ ಬಿದ್ದಿದ್ದ ಮರದ ನೆರಳು ನಲವತ್ತಡಿ. ಹಾಗಾದರೆ ಮರವೂ ನಲವತ್ತು. ಕಟ್ಟಡ ಇರುವುದು ನಲವತ್ತೆಂಟಡಿ ದೂರದಲ್ಲಿ. ‘ಮಕ್ಕಳನ್ನು ಹೊರಗೆ ಕರ್ಕೊಂಡು ಹೋಗುವುದಾ?’ ಎಂದು ಸಹಾಯಕಿ ಅಮ್ಮಣ್ಣಿಯಕ್ಕ ಕೇಳಿದರೆ ನಕ್ಕುಬಿಟ್ಟೆ. ‘ಒಳಗೇ ಇರಲಿ ಅಕ್ಕ, ಎಂಟಡಿ ಜಾಗ ಉಂಟು’ ಎಂದೆ.

ಮರ ಕೊಯ್ಯುವ ಮಿಷನ್ ಶುರುವಾಯಿತು. ಕೋಲು ಕಾಲಿಗೆ ಅಡ್ಡವಾಗುವುದು ಬೇಡವೆಂದು ಒಯ್ದು ಗುಡ್ಡೆಯ ಏರಿನಲ್ಲಿ ಊರಿದೆ. ಅದರ ನೆರಳು ಎರಡಡಿಗಿಂತ ತುಸು ಹೆಚ್ಚು, ಅಷ್ಟೇ. ಯಾ ಅಲ್ಲಾಹ್! ಏರಿನ ಮೇಲೆ ಗಿಡ್ಡವಾದದ್ದು ನೆರಳು, ಮರ ಅಲ್ಲ. ಮರ ಐವತ್ತಕ್ಕೂ ಮೇಲೆ.

ಕೂಗಿದೆ. ಬೆನ್ನು ಹಾಕಿ ನಿಂತ ತುಕ್ರಪ್ಪನಿಗೆ ಆ ಸದ್ದಿನಲ್ಲಿ ಕೇಳಲಿಲ್ಲ. ಒಳಗೆ ಓಡಿದೆ. ಹನ್ನೊಂದು ಮಕ್ಕಳು ಉಪ್ಪಿಟ್ಟು ತಿನ್ನುತ್ತಿದ್ದವು. ಕೈ ಸಿಕ್ಕಿದರೆ ಕೈ, ಅಂಗಿ ಸಿಕ್ಕಿದರೆ ಅಂಗಿ ಹಿಡಿದು ಹಿಂಬಾಗಿಲಿನಿಂದ ಎಳೆದೆವು. ಅಮ್ಮಣ್ಣಿಯಕ್ಕ ಎಣಿಸಿದರು. ‘ಹತ್ತು!’ ಸಾತ್ವಿಕಾ ಇಲ್ಲ. ಮತ್ತೆ ಒಳಗೆ ನುಗ್ಗಿ, ತಟ್ಟೆ ಬಿಟ್ಟು ಏಳಲೊಲ್ಲದೆ ಕೂತಿದ್ದವಳನ್ನು ತಟ್ಟೆ ಸಮೇತ ಎತ್ತಿಕೊಂಡು ಹೊರಬಿದ್ದೆ. ಆಗಲೇ ಮರ ಬಿತ್ತು. ಹಂಚು ಒಡೆದು ಗೆಲ್ಲಿನ ತುದಿ ಮಕ್ಕಳ ಚಾಪೆಯ ಮೇಲೆ ಇಳಿದಿತ್ತು.

ಟೀಚರ್ ಮಕ್ಕಳನ್ನು ಉಳಿಸಿದರು ಅಂತ ಊರಿಡೀ ಹೊಗಳುತ್ತಿದೆ. ಸಾತ್ವಿಕಾಳ ಅಮ್ಮ ನನ್ನ ಕೈ ಹಿಡಿದು ಅತ್ತಳು. ಅಲ್ಲಿ ಕೂರಿಸಿದವಳೇ ನಾನು ಎನ್ನಲು ನಾಲಿಗೆ ಏಳಲಿಲ್ಲ. ನನಗೆ ಹೆದರಿಕೆಯಾಗುತ್ತದೆ ಟೀಚರ್, ಕಣ್ಣು ಮುಚ್ಚಿದರೆ ಆ ‘ಹತ್ತು’ ಕೇಳುತ್ತದೆ. ಇದನ್ನು ಅಂಚೆಗೆ ಹಾಕಿ ನೇರ ಅವಳ ಮನೆಗೇ ಹೋಗುತ್ತೇನೆ, ಹೇಳಿಬಿಡುತ್ತೇನೆ.

ನೀವು ಅಂಕ ಕಡಿದದ್ದು ಸರಿ. ಒಂದು ಎಂದರೆ ಎಷ್ಟು ಅಂತ ನನಗೆ ಈಗ ಗೊತ್ತಾಯಿತು.

ದೇವರು ನಿಮ್ಮನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ಹತ್ತಕ್ಕೆ ಒಂಬತ್ತು ಪಡೆದ ನಿಮ್ಮ
ರಶೀನಾ