ಅಪ್ಪನ ಹೊಲದ ಮಹಜರು

ಜೂನ್ 9

ಮತ್ತೆ ಮಧುಗಿರಿ ಬಸ್ಸು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ವರ್ ಡೌನ್, ಮಧ್ಯಾಹ್ನದ ಮೇಲೆ ಬನ್ನಿ — ಅದೇ ಹಾಡು. ಕೊನೆಗೂ ನನ್ನ ಹೆಸರಿಗೆ ರಿಜಿಸ್ಟರ್ ಆಯಿತು. ಹೊಲ, ಹೊಲದ ಮನೆ ಎರಡನ್ನೂ ಅಪ್ಪ ಮನೆತನದ ಟ್ರಸ್ಟ್ ಹೆಸರಿಗೆ ಬರೆದಿದ್ದರು. ತಮ್ಮ ನಂತರ ಮಗಳಿಗೆ ಅಂತ. ಉಳಿದ ಟ್ರಸ್ಟಿ ಹಾಲೇಶ್ ಚಿಕ್ಕಪ್ಪ. ಮುಖ ಗಂಟು ಹಾಕಿಕೊಂಡೇ ಸಹಿ ಮಾಡಿದರು. ಇನ್ನು ಖಾತೆ ಬದಲಾಗಬೇಕು. ಅಷ್ಟರಲ್ಲಿ ಚಿಕ್ಕಪ್ಪ ತಕರಾರು ತೆಗೆದು ಕಲ್ಲು ಕ್ರಷರ್‌ನವರಿಗೆ ಲೀಸ್ ಕೊಟ್ಟರೆ ನಾನು ಬೀದಿಪಾಲು. ಗಂಡನ ಮನೆ ಬಿಟ್ಟು ಬಂದವಳಿಗೆ ಇರುವುದು ಇದೊಂದೇ ಸೂರು. ಇನ್ನೊಬ್ಬರ ಮರ್ಜಿಯಲ್ಲಿ ಬದುಕಿದ್ದು ಸಾಕು.

ಜೂನ್ 19

ಇವತ್ತು ಮಹಜರು. ಅಕ್ಕಪಕ್ಕದ ಹೊಲದವರನ್ನು ಕೂರಿಸಿ, ವಿಚಾರಿಸಿ, ಸಹಿ ತೆಗೆದುಕೊಳ್ಳುವುದು ಪದ್ಧತಿ. ಪಕ್ಕದ ಹೊಲಗಳ ಚಿಕ್ಕಕ್ಕ, ತಿಪ್ಪಯ್ಯ ಬಂದರು. ಅಪ್ಪನ ಸಮಾಧಿಗೆ ಮಣ್ಣು ಹಾಕಿದವರೇ. ಗ್ರಾಮಲೆಕ್ಕಿಗರು, ವಿ.ಎ., ರೂಢಿಯಂತೆ ಕೇಳಿದರು — ಜಮೀನು ಈಗ ಯಾರ ಅನುಭವದಲ್ಲಿದೆ?

"ಯಜಮಾನ್ರುದೇ ಸ್ವಾಮಿ," ಅಂದಳು ಚಿಕ್ಕಕ್ಕ. "ಸಂಕ್ರಲಿಂಗಪ್ನೋರು. ದಿನಾ ಬೆಳಿಗ್ಗೆ ಬದದ ಮ್ಯಾಲೆ ಓಡಾಡ್ತರೆ."

ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತಲ್ಲ ಅಂದೆ.

"ಮಣ್ಣು ಮಾಡಿದ್ದು ನಂಗೊತ್ತಿಲ್ವಾ ಕಣಮ್ಮ? ಕಂಡದ್ದು ಕಂಡಂಗೆ ಯೋಳ್ಬೇಕಲ್ಲ."

ತಿಪ್ಪಯ್ಯನೂ ತಲೆಯಾಡಿಸಿದ. ವಿ.ಎ. ಪೆನ್ನಿಗೆ ಕ್ಯಾಪ್ ಹಾಕಿ ಎದ್ದರು. ಸಾಕ್ಷಿಗಳೇ ಹೀಗಂದರೆ ತಾನೇನು ಬರೆಯುವುದು ಅಂತ. ನನಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕಪ್ಪನೇ ಹೇಳಿಕೊಟ್ಟಿರಬೇಕು.

ಜೂನ್ 21

ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಚಿಕ್ಕಪ್ಪ ತಿರುಗಿ ಬೈಯಲಿಲ್ಲ. ಅದಕ್ಕೇ ಭಯವಾಯಿತು.

"ನಾನೂ ನಿಮ್ಮಪ್ಪನ್ನ ನೋಡಿದೀನಿ ಕಣಮ್ಮ," ಅಂದರು. "ನಮ್ಮಪ್ಪ ಹೋದಾಗ್ಲೂ ಇಂಗೇ. ನಿಮ್ಮಪ್ಪನ ಹೆಸ್ರಿಗೆ ಖಾತೆ ಆಗೋವರ್ಗೂ ಹೊಲದಲ್ಲೇ ತಿರುಗ್ತಿದ್ರು. ನೀನು ಆ ಮನೇಲಿರು, ಯಾರೂ ಬ್ಯಾಡ ಅನ್ನಲ್ಲ. ಖಾತೆ ಮಾತ್ರ ಮಾಡಿಸ್ಕಬೇಡ."

ಕಳ್ಳ. ಸುತ್ತಿ ಬಳಸಿ ಅಲ್ಲಿಗೇ ಬಂದ.

ಜೂನ್ 24

ಬೆಳಿಗ್ಗೆ ಹೊಲದ ಬದುವಿನ ಮೇಲೆ ಹೋಗಿ ಕೂತೆ. ಏನೂ ಕಾಣಲಿಲ್ಲ. ಊರಿಗೆಲ್ಲ ಕಾಣುವ ಅಪ್ಪ ನನಗೆ ಮಾತ್ರ ಇಲ್ಲ. ಅಳು ಬಂತು… ಭಯಕ್ಕಲ್ಲ, ಸಿಟ್ಟಿಗೆ.

ಅಪ್ಪ ಏನು ಮಾಡುತ್ತಾರೆ ಅಂತ ಚಿಕ್ಕಕ್ಕನನ್ನು ಕೇಳಿದೆ. ಗಡಿಕಲ್ಲಿನ ತನಕ ಬಂದು ನಿಲ್ಲುತ್ತಾರಂತೆ. ದಾಟುವುದಿಲ್ಲವಂತೆ. ರಸ್ತೆ ನೋಡುತ್ತಾ ನಿಂತೇ ಇರುತ್ತಾರಂತೆ. ಖಾತೆಯಾದರೆ ಅಪ್ಪನಿಗೂ ಬಿಡುಗಡೆ ಅಂದೆ. ಚಿಕ್ಕಕ್ಕ, ಸರಿ, ಮಗಳ ಅನುಭವದಲ್ಲೇ ಇದೆ ಅಂತ ಹೇಳ್ತೀನಿ ಅಂದಳು.

ಜುಲೈ 3

ಮಹಜರಿಗೆ ಸಾಕ್ಷಿಗಳಿಬ್ಬರೂ ಸಹಿ ಹಾಕಿದರು.

ಆಗಸ್ಟ್ 11

ಪಹಣಿಯಲ್ಲಿ ನನ್ನ ಹೆಸರು! ಒಬ್ಬಳೇ ಹೋಳಿಗೆ ಮಾಡಿಕೊಂಡು ತಿಂದೆ. ಅಪ್ಪ ಈಗ ಕಾಣುತ್ತಿಲ್ಲವಂತೆ. ಖುಷಿ, ಜೊತೆಗೆ ತಬ್ಬಲಿಯಾದ ಹಾಗೂ. ಚಿಕ್ಕಪ್ಪನ ಫೋನ್ ಬಂತು, ಎತ್ತಲಿಲ್ಲ.

ಆಗಸ್ಟ್ 19

ಎರಡು ದಿನ ಕೊರಟಗೆರೆಯಲ್ಲಿ ಗೆಳತಿಯ ಮನೆ. ವಾಪಸು ಬಂದರೆ ತಿಪ್ಪಯ್ಯನಿಗೆ ಮುನಿಸು.

"ನೆನ್ನೆ ಅಷ್ಟು ಕೂಗಿದ್ರೂ ತಿರುಗಿ ನೋಡ್ಲಿಲ್ವಲ್ಲವ್ವ. ಬದದ ಮ್ಯಾಲೇ ನಿಂತಿದ್ರಿ."

ನಾನು ಊರಲ್ಲಿರಲಿಲ್ಲ ಅಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಚಿಕ್ಕಪ್ಪನಿಗೆ ನಾನೇ ಫೋನ್ ಮಾಡಿದೆ. "ಖಾತೆ ಆದ್ಮೇಲೆ ನಿಮ್ಮಪ್ಪ ಹೊಲ ಬಿಟ್ಟು ಎಲ್ಲಿಗಾದ್ರೂ ಹೋಗಿದ್ದು ನೋಡಿದ್ಯಾ?" ಅಂದರು.

ನೋಡಿಲ್ಲ. ನನ್ನ ಮದುವೆಗೂ ಬರಲಿಲ್ಲ ಅಪ್ಪ.

ಆಗಸ್ಟ್ 22, ಬೆಳಿಗ್ಗೆ

ಮಧುಗಿರಿಗೆ ಹೋಗಿ ಬಿಡೋಣ, ಚಿಕ್ಕಪ್ಪನ ಮನೆಗೇ, ಕಾಲು ಹಿಡಿದರೂ ಪರವಾಗಿಲ್ಲ ಅಂತ ಚೀಲ ತುಂಬಿಕೊಂಡು ಹೊರಟೆ. ಗಡಿಕಲ್ಲಿನ ಹತ್ತಿರ ಕಾಲು ನಿಂತಿತು. ನೋವಿಲ್ಲ, ಏನಿಲ್ಲ. ಎತ್ತಿದರೆ ಏಳುವುದಿಲ್ಲ ಅಷ್ಟೇ. ರಸ್ತೆಯಲ್ಲಿ ಚಿಕ್ಕಕ್ಕ ಹೋಗುತ್ತಿದ್ದಳು, ಕೂಗಿದೆ. ನಿಂತಳು. ಸಮಾಧಿಗೆ ಮುಗಿಯುವ ಹಾಗೆ ನನ್ನ ಕಡೆಗೆ ಕೈ ಮುಗಿದು, ಸರಸರ ಹೊರಟುಹೋದಳು.

ಚೀಲ ಅಲ್ಲೇ ಬಿಟ್ಟು ಮನೆಗೆ ಓಡಿ ಬಂದೆ. ಹಿಂದಕ್ಕಾದರೆ ಕಾಲು ಬರುತ್ತದೆ.

ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಕಲ್ಲಿನ ಹತ್ತಿರ ಯಾರೋ ಇದ್ದಾರೆ. ನನ್ನದೇ ಹಸಿರು ಸೀರೆ, ನನ್ನದೇ ಜಡೆ. ಚೀಲ ಎತ್ತಿಕೊಂಡಳು. ಸಲೀಸಾಗಿ ಕಲ್ಲು ದಾಟಿದಳು. ಬಸ್ಸಿಗೆ ಕೈ ಅಡ್ಡ ಹಿಡಿದಿದ್ದಾಳೆ. ಬಸ್ಸು ನಿಂತಿತು. ಹತ್ತುವ ಮುಂಚೆ ಈ ಕಡೆ ತಿರುಗಿ, ಚಿಕ್ಕಕ್ಕನ ಹಾಗೇ, ನನಗೆ ಕೈ ಮುಗಿದಳು.