ಬೆಲ್ ಹೊಡೆದ ಕೂಡಲೇ ನುಂಗಿದ ಮಾತ್ರೆ

ಹಾಸ್ಟೆಲ್, ಮೇಲಿನ ಮಹಡಿ, ಮೂಲೆ ರೂಮು
ಮಾರ್ಚ್ ೪, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಬೆನ್ನುನೋವು ಕಮ್ಮಿಯಾಯಿತಾ? ಫೋನ್ ಬಿಟ್ಟು ಇದೇನು ಕಾಗದ ಅಂತ ನಗಬೇಡ. ಫೋನ್ ಮಾಡಿದರೆ ನಿನ್ನ ಅತ್ತೆ "ಸ್ಪೀಕರ್ ಹಾಕೇ, ನಾವೂ ಕೇಳೋಣ" ಅನ್ನುತ್ತಾರೆ. ಇದು ಸ್ಪೀಕರಿನಲ್ಲಿ ಹೇಳುವ ಮಾತಲ್ಲ. ನಾನು ಚೆನ್ನಾಗಿದ್ದೇನೆ ಅಂತ ಮೊದಲು ಬರೆದಿದ್ದೆ, ಹೊಡೆದುಹಾಕಿದೆ.

ನಾಲ್ಕು ತಿಂಗಳಿಂದ ನಾನು ಮುಟ್ಟಾಗಿಲ್ಲ. ಎಕ್ಸಾಮ್ ಟೆನ್ಷನ್ ಅಂದುಕೊಂಡು ಸುಮ್ಮನಿದ್ದೆ. ಗದ್ದದ ಮೇಲೆ ಕೂದಲು ಬಂದಾಗ ಹೌಹಾರಿ ಡಾಕ್ಟರಮ್ಮನ ಹತ್ತಿರ ಓಡಿದೆ. ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಆಗಿ ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಬರುವ ಅಂಡಾಶಯದ ತೊಂದರೆ, ಅಂದರು. ನನ್ನ ಪೆಚ್ಚು ಮುಖ ನೋಡಿ ಹಾಸ್ಟೆಲ್ ಲೆಕ್ಕದಲ್ಲೇ ಬಿಡಿಸಿ ಹೇಳಿದರು: "ಇನ್ಸುಲಿನ್ ಅನ್ನೋದು ಬೆಲ್ ಇದ್ದ ಹಾಗೆ. ನಿನ್ನ ಮೈ ಅದನ್ನ ಕೇಳಿಸ್ಕೊಳ್ದೆ ಮಲಗಿದೆ. ಅದಕ್ಕೆ ಬೆಲ್ ಇನ್ನೂ ಜೋರಾಗಿ ಹೊಡ್ಕೊಳ್ತಾ ಇದೆ, ಪಾಪ, ಪಕ್ಕದ ರೂಮಿನ ಅಂಡಾಶಯಕ್ಕೆ ನಿದ್ದೆಗೇಡು. ಈ ಮಾತ್ರೆ ಕಿವಿ ಚುರುಕು ಮಾಡುತ್ತೆ." ಶುಗರ್‌ನವರಿಗೆ ಕೊಡುವ ಮಾತ್ರೆಯೇ ಅಂತೆ, ಆದರೆ ನನಗೆ ಶುಗರ್ ಇಲ್ಲ. ಊಟದ ಜೊತೆ ತಗೋ ಅಂದಿದ್ದರು.

ನಾನೋ ಆರನೇ ಕ್ಲಾಸಿನಿಂದ ಹಾಸ್ಟೆಲ್ ಪ್ರಾಣಿ. ಜ್ವರವೋ ಜಂತುವೋ, ಬೆಳಗಿನ ಬೆಲ್ಲಿಗೆ ಸಾಲಾಗಿ ನಿಂತು ಮಾತ್ರೆ ನುಂಗಿ ನಾಲಿಗೆ ತೋರಿಸಿದರೆ ಮಾತ್ರ ತಿಂಡಿ. ಮಾತ್ರೆ ಎಂದರೆ ಖಾಲಿ ಹೊಟ್ಟೆ ಎಂಬುದು ರಕ್ತಕ್ಕೇ ಇಳಿದುಬಿಟ್ಟಿದೆ. ಇದನ್ನೂ ಎದ್ದ ಕೂಡಲೇ ನುಂಗಿದೆ, ನುಂಗಿದ ಕೂಡಲೇ ಬಾತ್‌ರೂಮಿಗೆ ಓಡಿದೆ. ದಿನಾ ವಾಂತಿ. ನನ್ನ ರೂಮ್‌ಮೇಟ್ ಗೂಬೆ (ರಾತ್ರಿಯೆಲ್ಲ ಓದುತ್ತಾಳೆ, ಅದಕ್ಕೇ ಆ ಹೆಸರು) "ಏನೇ, ಗುಡ್ ನ್ಯೂಸಾ?" ಅಂತ ತಮಾಷೆ ಮಾಡಿದಳು. ತಮಾಷೆಗೆ ಕಾಲು ಬಂತು, ವಾರ್ಡನ್ ಮೇಡಂ ಕರೆಸಿದರು. "ಕೊನೇ ಸಲ ಯಾವಾಗ ಆಗಿದ್ದಮ್ಮಾ?" ಸತ್ಯವನ್ನೇ ಹೇಳಿದೆ. ಅವರ ಮುಖ ನೀನು ನೋಡಬೇಕಿತ್ತು! ಮಾತ್ರೆ ತೋರಿಸಿದರೆ, "ನಮ್ಮ ಯಜಮಾನ್ರೂ ಇದನ್ನೇ ನುಂಗೋದು, ಶುಗರ್‌ಗೆ. ಯಾರ ಕಿವಿ ಮೇಲೆ ಹೂವ ಇಡ್ತೀಯಾ?" ರಿಪೋರ್ಟನ್ನು ಮುಟ್ಟಲೂ ಇಲ್ಲ, ಅದೆಲ್ಲ ಮನೆಯವರ ಮುಂದೆ ಅಂದರು. ಶನಿವಾರ ಯಾರೂ ಬರದಿದ್ದರೆ ಅಪ್ಪನಿಗೆ ಫೋನ್. ಅಪ್ಪ ಗೊತ್ತಲ್ಲ, ಮೊದಲು ಟ್ರಂಕ್ ಕಟ್ಟಿಸಿ ಆಮೇಲೆ ಏನಾಯ್ತು ಅಂತ ಕೇಳುವವರು. ನನ್ನ ಕಾಲೇಜು ಅಲ್ಲಿಗೆ ಮುಗಿಯಿತು.

ನಿನ್ನೆಯಿಂದ ತಿಂಡಿಯ ಜೊತೆ ತೆಗೆದುಕೊಳ್ಳುತ್ತಿದ್ದೇನೆ. ಹೊಟ್ಟೆ ಗುಡುಗುಡು ಅನ್ನುತ್ತದೆ, ವಾಂತಿಯಿಲ್ಲ. ಆದರೆ ಬಂದ ವಾಂತಿಯನ್ನು ಊರೆಲ್ಲ ನೋಡುತ್ತದೆ, ನಿಂತದ್ದನ್ನು ಯಾರು ನೋಡುತ್ತಾರೆ ಅಕ್ಕಾ? ಅದಕ್ಕೇ ನೀನು ಬರಬೇಕು, ಪ್ಲೀಸ್.

ಭಾವನನ್ನು ಕೇಳಿದೆ ಅನ್ನು. ಅತ್ತೆಗೆ ನಮಸ್ಕಾರ ತಿಳಿಸು, ಕಾಗದ ಮಾತ್ರ ತೋರಿಸಬೇಡ.

ನಿನ್ನ
ಇಲಿಮರಿ

ತಾ.ಕ.: "ಅಕ್ಕ ತಂಗಿ ಯಾರಿಗಾದ್ರೂ ಹೀಗಿದೆಯಾ?" ಅಂತ ಡಾಕ್ಟರಮ್ಮ ಕೇಳಿದಾಗ ಇಲ್ಲ ಅಂದುಬಿಟ್ಟೆ. ಮೆಟ್ಟಿಲಿಳಿಯುವಾಗ ನೆನಪಾಯಿತು. ನೀನು ಬಚ್ಚಲ ಚಿಲಕ ಹಾಕಿಕೊಂಡು ಗದ್ದದ ಕೂದಲು ಕೀಳಲು ಚಿಮಟ ಹಿಡಿದು ನಿಲ್ಲುತ್ತಿದ್ದುದು, ತಿಂಗಳುಗಟ್ಟಲೆ ಆಗದಿದ್ದಾಗ ಅಮ್ಮ "ಮದುವೆಯಾದ್ರೆ ಎಲ್ಲಾ ಸರಿಹೋಗುತ್ತೆ ಬಿಡು" ಅನ್ನುತ್ತಿದ್ದುದು. ಮಗುವಾಗಲಿಲ್ಲ ಅಂತ ನಿನ್ನ ಅತ್ತೆ ಏನೇನು ಅನ್ನುತ್ತಾರೆ ಅನ್ನುವುದು ನೀನು ಹೇಳದಿದ್ದರೂ ನನಗೆ ಗೊತ್ತು. ಶನಿವಾರಕ್ಕೆ ನನ್ನ ಜೊತೆ ನಿನ್ನ ಹೆಸರನ್ನೂ ಡಾಕ್ಟರಮ್ಮನ ಹತ್ತಿರ ಬರೆಸಿದ್ದೇನೆ. ಮನೆಯಲ್ಲಿ ತಂಗಿಗೆ ಹುಷಾರಿಲ್ಲ ಅಂತ ಹೇಳಿ ಬಾ, ಸುಳ್ಳೇನಲ್ಲ. ಇದೇ ಮಾತ್ರೆ ಕೊಟ್ಟರೆ ಹೆದರಬೇಡ, ಹೇಗೆ ತಗೋಬೇಕು ಅಂತ ನಾನು ಹೇಳಿಕೊಡುತ್ತೇನೆ.