ಊಟದ ಕಾರ್ಡು, ಓಟಿನ ಕಾರ್ಡು

ಫಹಾಹೀಲ್,
9 ನವೆಂಬರ್ 2025

ಪ್ರೀತಿಯ ಆಶಾ,

ಅತ್ತೆಯ ಮಂಡಿ ಹೇಗಿದೆ? ಆಪರೇಷನ್ ಆದ ಕಾಲೂರಿ ನಡೆಯುತ್ತಿದ್ದಾರೋ, ಇಲ್ಲ ಮಂಚದಲ್ಲಿ ಕೂತು ನಿನ್ನನ್ನು ನಡೆಸುತ್ತಿದ್ದಾರೋ? ಇಲ್ಲಿ ನಾನೂ ತೃಪ್ತಿಯೂ ಕ್ಷೇಮ. ನನ್ನ ಸಾರಿಗೆ ಮಗಳು ‘ನಾಟ್ ಬ್ಯಾಡ್’ ಎಂದಳು. ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಸುಕೇಶ್ ಇವತ್ತು ಮಂಗಳೂರಿಗೆ ಹೊರಟಿದ್ದಾನೆ, ಖರ್ಜೂರದ ಜೊತೆ ಈ ಕಾಗದವೂ ಬರುತ್ತದೆ. ಶುಕ್ರವಾರ ನಡೆದ ನಮ್ಮೂರವರ ಸಂಘದ ಮಹಾಸಭೆಯ ಕತೆಯನ್ನು ನಾನೇ ಬರೆಯುತ್ತೇನೆ, ಅಲ್ಲಿಯವರೆಗೆ ಸುಮ್ಮನಿರಿ ಎಂದು ನಿಮ್ಮ ಹೆಂಗಸರ ಗ್ರೂಪಿಗೆ ಕೈಮುಗಿದಿದ್ದೇನೆ.

ನೀವೆಲ್ಲ ತಿದ್ದಿ ತಿದ್ದಿ ಕೊಟ್ಟ ತಿದ್ದುಪಡಿ ಕೊನೆಗೂ ಸಂಘದ ಸಭೆಗೆ ಬಂತು: ‘ಕುಟುಂಬಕ್ಕೊಂದು ಓಟು’ ಹೋಗಿ ‘ಗಂಡ ಹೆಂಡತಿಗೆ ಒಂದೊಂದು ಓಟು’. ಅಧ್ಯಕ್ಷ ಸದಾನಂದಣ್ಣನದು ಅದೇ ರಾಗ: “ಒಂದು ಮನೆಗೆ ಎರಡು ಓಟು ಕೊಟ್ರೆ ಮನೆ ಒಡೀತದೆ ಮಾರಾಯ್ರೇ.” ಈ ದೇಶದ ಹೆಂಗಸರಿಗೆ ಓಟು ಸಿಕ್ಕಿದ್ದು ನಾನಿಲ್ಲಿ ಬಂದಿಳಿದ 2005ರಲ್ಲಿ. ಕುವೈತ್ ಸಿಟಿಯಿಂದ ಫಹಾಹೀಲಿಗೆ ಅರ್ಧ ಗಂಟೆಯ ದಾರಿ. ಸುದ್ದಿ ನಮ್ಮ ಸಂಘವನ್ನು ಇನ್ನೂ ಮುಟ್ಟಿರಲಿಲ್ಲ.

ನನ್ನ ಸಂಕಟ ನಿನಗೆ ಗೊತ್ತು. ಈ ಕೆಲಸ ಕೊಡಿಸಿದ್ದು ಸದಾನಂದಣ್ಣ. ದಿನಾ ಆಫೀಸಿಗೆ ಹೋಗುವುದೂ ಅವರ ಕಾರಿನಲ್ಲೇ. “ಧನಂಜಯ, ನಿನ್ನ ಕೈ ಏಳುದು ಬೇಡ, ಆಯ್ತಾ?” ಎಂದಿದ್ದರು. ಊರಿಗೆ ಹೊರಡುವಾಗ ಏರ್‌ಪೋರ್ಟಿನಲ್ಲಿ ನೀನು ಹೇಳಿದ್ದು “ಕಾರ್ಡು ಮರೀಬೇಡಿ” ಎಂದಷ್ಟೇ.

ಕುಟುಂಬದ ಕಾರ್ಡು ತೋರಿಸಿದರೇ ಊಟ, ತೋರಿಸಿದರೇ ಓಟು, ಅಲ್ಲವೇ? ಶುಐಬಾದ ಕಾರ್ಖಾನೆಗಳಲ್ಲಿ ಶಿಫ್ಟಿನಲ್ಲಿರುವವರು ಗೆಳೆಯರ ಕೈಲಿ ಕಾರ್ಡು ಕಳಿಸಲಿ ಎಂದು, ‘ಕಾರ್ಡು ಯಾರ ಕೈಲಿದೆಯೋ ಓಟು ಅವರದು’ ಎಂಬ ನಿಯಮ ತಂದವರೂ ಸದಾನಂದಣ್ಣನೇ. ಕೋರಿರೊಟ್ಟಿಯ ಕೋಳಿಸಾರಿನ ಪರಿಮಳ ಬಂದದ್ದೇ ಗಂಡಸರೆಲ್ಲ ಯಾವತ್ತಿನಂತೆ ಹೆಂಡತಿಯರ ಕೈಗೆ ಕಾರ್ಡು ಕೊಟ್ಟು ಊಟದ ಸಾಲಿಗೆ ಕಳಿಸಿದರು. ಹಸಿದ ಅಧ್ಯಕ್ಷರು, “ಊಟದ ಮೊದಲೇ ಖಲಾಸ್ ಮಾಡುವ. ತಿದ್ದುಪಡಿ ಬೇಕನ್ನುವವರು ಕಾರ್ಡು ಎತ್ತಿ” ಎಂದರು. ಸಾಲಿಗೆ ಸಾಲೇ ಎತ್ತಿತು! ಮುಂದೆ ಅವರ ಹೆಂಡತಿ ಕುಸುಮಕ್ಕನೇ. “ಏ ಇವಳೇ, ಕಾರ್ಡು ಇತ್ಲಾಗಿ ಕೊಡು” ಎಂದು ಮೈಕಿನಲ್ಲೇ ಕೇಳಿದರು. “ಕೊಡುದಿಲ್ಲ. ರೂಲು ನಿಮ್ಮದೇ ಅಲ್ವಾ?”

ಸಾಲಿಗೆ ಬಾರದ ಬ್ಯಾಚುಲರುಗಳ ಕಾರ್ಡುಗಳು ಜೇಬಿನಲ್ಲೇ ಉಳಿದಿದ್ದವು. ಎಣಿಸಿದರೆ ತಿದ್ದುಪಡಿಗೆ ಬೇಕಾದ ಮೂರನೇ ಎರಡು ಬಹುಮತಕ್ಕೆ ಒಂದೇ ಕಾರ್ಡು ಕಡಿಮೆ. ನೀನಿಲ್ಲದ್ದರಿಂದ ಆ ಸಾಲಿನಲ್ಲಿ ನಾನೊಬ್ಬನೇ ಮೀಸೆಯವನು. ಸದಾನಂದಣ್ಣ ನನ್ನನ್ನೇ ನೋಡಿದರು. ಇಪ್ಪತ್ತು ವರ್ಷ ಅವರ ಉಪ್ಪು ತಿಂದವನು ನಾನು. ಆದರೂ ಕಾರ್ಡು ಎತ್ತಿದೆ. “ಸದಾನಂದಣ್ಣ, ಇದು ಆಶಾಳ ಓಟು. ಅವಳು ಅಮ್ಮನ ಹತ್ತಿರ ಶಿಫ್ಟಿನಲ್ಲಿದ್ದಾಳೆ, ನನ್ನ ಕೈಲಿ ಕಳಿಸಿದ್ದಾಳೆ” ಎಂದೆ. ತಿದ್ದುಪಡಿ ಪಾಸಾಯಿತು.

ಕೋರಿಗೆಂದು ಕೊಟ್ಟ ಕಾರ್ಡು
ಮುರಿದುಬಿಟ್ಟಿತು ಹಳೇ ರೆಕಾರ್ಡು!

ಮರಳಿದ್ದೂ ಅವರ ಕಾರಿನಲ್ಲೇ. ನಾನಿಳಿಯುವಾಗ, “ಆದಿತ್ಯವಾರ ಏಳಕ್ಕೆ ಹಾರ್ನ್ ಹಾಕ್ತೇನೆ, ರೆಡಿ ಇರು” ಎಂದರು. ಇವತ್ತು ಹಾಕಿದರು. ಎರಡು ಸಲ ಹೆಚ್ಚೇ ಹಾಕಿದರು.

ಅತ್ತೆಗೆ ನನ್ನ ನಮಸ್ಕಾರ. ಆಶೀರ್ವಾದ ಮಾಡಲು ಏಳುವುದು ಬೇಡ ಎನ್ನು.

ನಿನ್ನ
ಧನಂಜಯ್

ಸುಕೇಶ್ ಕೆಳಗೆ ಕಾಯುತ್ತಿದ್ದಾನೆ, ಆದರೆ ಒಂದು ವಿಷಯ ಮರೆತಿದ್ದೆ. ಡಿಸೆಂಬರಿನ ಚುನಾವಣೆಗೆ ಕುಸುಮಕ್ಕ ಅಧ್ಯಕ್ಷ ಸ್ಥಾನಕ್ಕೆ ನಿನ್ನ ಹೆಸರು ಸೂಚಿಸಿದ್ದಾರೆ, ಅನುಮೋದಿಸಿದವನು ನಾನು. ಎದುರಾಳಿ ಸದಾನಂದಣ್ಣ. ಬೇಡವೆನಿಸಿದರೆ ಕಾಗದ ಸಿಕ್ಕಿದ ದಿನವೇ ಫೋನ್ ಮಾಡು, ಬೇಕೆನಿಸಿದರೆ ಟಿಕೆಟ್ ಮಾಡು. ಅಂದಹಾಗೆ, ಕೈಲಿ ಕಳಿಸುವ ಆ ನಿಯಮವನ್ನು ಸದಾನಂದಣ್ಣ ಅದೇ ಸಭೆಯಲ್ಲಿ ತೆಗೆಸಿಬಿಟ್ಟರು. ನಿನ್ನ ಓಟು ಇನ್ನು ನನ್ನ ಕೈಲಿ ಬರುವುದಿಲ್ಲ; ನೀನೇ ಬರಬೇಕು.